ಮುನ್ನೂರ ನಲವತ್ತು ಸಿಲ್ವರ್ ಪೈಸೆ

ಪಾತ್ರೆ ಅಂಗಡಿಯ ಮುಂದೆ ಹಾದುಹೋಗುವಾಗ ನನಗೆ ಈಗಲೂ ಕಿವಿ ಬಿಸಿಯಾಗುತ್ತದೆ. ಅಲ್ಲಿ ಹೊರಗಡೆ ಹಗ್ಗಕ್ಕೆ ಪೋಣಿಸಿ ತೂಗುಹಾಕಿದ ತಪಲೆಗಳನ್ನು ನೀವು ನೋಡಿರುತ್ತೀರಿ. ಹಗುರವಾದ, ಬೂದು ಮಿಶ್ರಿತ ಬಿಳಿಬಣ್ಣದ, ಬಸ್ಸು ಹೋದ ಗಾಳಿಗೆ ಒಂದಕ್ಕೊಂದು ತಾಗಿ ಟಣಟಣ ಎನ್ನುವ ತಪಲೆಗಳು. ಪುಸ್ತಕದಲ್ಲಿ ಅದರ ಹೆಸರು ಅಲ್ಯೂಮಿನಿಯಂ. ನಮ್ಮ ಮಂಗಳೂರಿನ ಮನೆಗಳಲ್ಲಿ ಅದು ಸಿಲ್ವರ್. ಸಿಲ್ವರ್ ತಪಲೆ, ಸಿಲ್ವರ್ ಬಾಣಲೆ, ಸಿಲ್ವರ್ ಕೊಡಪಾನ. ಹಾಗಾದರೆ ನಿಜವಾದ ಸಿಲ್ವರಿಗೆ ಏನು ಹೇಳುತ್ತೀರಿ ಎಂದು ಕೇಳಬೇಡಿ, ಅದಕ್ಕೆ ಬೆಳ್ಳಿ ಎಂಬ ಚಂದದ ಹೆಸರು ಮೊದಲೇ ಇದೆಯಲ್ಲ! ಬೆಳ್ಳಿ ದೇವರ ಕೋಣೆಯಲ್ಲಿ, ಸಿಲ್ವರ್ ಅಡುಗೆ ಕೋಣೆಯಲ್ಲಿ. ಇವೆರಡು ಒಂದೇ ಲೋಹಕ್ಕೆ ಎರಡು ಭಾಷೆಯ ಹೆಸರು ಎಂದು ನಮ್ಮ ಮನೆಯಲ್ಲಿ ಯಾರಿಗೂ ಹೊಳೆದೇ ಇರಲಿಲ್ಲ.

ನನಗೆ ಹೊಳೆದದ್ದು ಎಂಟನೇ ಕ್ಲಾಸಿನಲ್ಲಿ, ಅದೂ ಸ್ವಂತ ಬುದ್ಧಿಯಿಂದ ಅಲ್ಲ. ವಿಜ್ಞಾನದ ಟೀಚರ್ ಬೋರ್ಡಿನಲ್ಲಿ ಲೋಹಗಳ ಹೆಸರು ಬರೆದು, ಒಂದೊಂದಕ್ಕೂ ಮನೆಯಲ್ಲಿರುವ ವಸ್ತುವಿನ ಉದಾಹರಣೆ ಕೇಳುತ್ತಿದ್ದರು. ಐರನ್‌ಗೆ ಕತ್ತಿ ಬಂತು, ಕಾಪರ್‌ಗೆ ಹಂಡೆ ಬಂತು. ಸಿಲ್ವರ್ ಎಂದದ್ದೇ ತಡ, ಯಾವತ್ತೂ ಕೈ ಎತ್ತದ ನಾನು ಎದ್ದು ನಿಂತು, "ಇಡ್ಲಿ ಬೇಯಿಸುವ ಪಾತ್ರೆ, ಟೀಚರ್" ಎಂದೆ. ಟೀಚರ್ ಚಾಕ್ ಕೆಳಗಿಟ್ಟರು. "ಹೌದಾ? ನಿಮ್ಮ ಮನೆಯಲ್ಲಿ ಇಡ್ಲಿ ಬೆಳ್ಳಿ ಪಾತ್ರೆಯಲ್ಲಿ ಬೇಯಿಸುದಾ? ಹಾಗಾದ್ರೆ ನಾಳೆ ನಾವೆಲ್ಲ ತಿಂಡಿಗೆ ಅಲ್ಲಿಗೇ ಬರ್ತೇವೆ ಮಾರಾಯ್ತಿ!" ಎಂದರು. ಹತ್ತನೇ ಕ್ಲಾಸು ಮುಗಿಯುವವರೆಗೆ ನನ್ನ ಹೆಸರು ಬೆಳ್ಳಿ ಇಡ್ಲಿ ಎಂದೇ ಆಯಿತು.

ಶಾಲೆ ನನ್ನ ವಿಜ್ಞಾನವನ್ನು ಸರಿಮಾಡಿತು. ನಾಲಿಗೆಯನ್ನು ಸರಿಮಾಡಲು ಅದಕ್ಕೆ ಆಗಲಿಲ್ಲ. ನಾಲಿಗೆ ಸುಮ್ಮನೆ ಇದ್ದಿದ್ದರೆ ತೊಂದರೆ ಇರಲಿಲ್ಲ. ಅದು ಮೊಬೈಲಿನಲ್ಲಿ ಟೈಪ್ ಮಾಡುವಾಗ ಬೆರಳಿಗೆ ಇಳಿದದ್ದೇ ಅನರ್ಥಕ್ಕೆ ಕಾರಣ.

ನಮ್ಮದು ಕೂಳೂರು ಸಂಕದ ಹತ್ತಿರ ಒಂದು ಸಣ್ಣ ಹೋಟೆಲು. ಸಂಕವೆಂದರೆ ನದಿ ದಾಟುವ ಸೇತುವೆ. ಐದು ಮೇಜು, ಹತ್ತು ಬೆಂಚು. ಬೆಳಿಗ್ಗೆ ಇಡ್ಲಿ, ನೀರುದೋಸೆ, ಬನ್ಸ್, ಸಂಜೆಗೆ ಗೋಳಿಬಜೆ, ಚಾ ಯಾವಾಗಲೂ. ಕ್ಯಾಶಿನಲ್ಲಿ ಅಪ್ಪ, ಒಳಗೆ ಅಮ್ಮ. ನಾನು ಬೆಳಿಗ್ಗೆ ಇಲ್ಲಿ ಕೈಗೆ ಸಿಕ್ಕಿದ ಕೆಲಸ ಮಾಡಿ, ಮಧ್ಯಾಹ್ನದ ಮೇಲೆ ಕಾವೂರಿನ ಒಂದು ಜೆರಾಕ್ಸ್ ಅಂಗಡಿಯಲ್ಲಿ ಟೈಪಿಂಗ್ ಮಾಡುತ್ತೇನೆ. ಟೈಪಿಂಗ್ ಮಾಡುವವಳೇ ಟೈಪಿಂಗಿನಲ್ಲಿ ಮುಗ್ಗರಿಸಿದಳು ಎಂದು ನೀವು ನಗಬಹುದು. ನಗಿ, ಈಗಾಗಲೇ ಇಡೀ ಕೂಳೂರು ನಕ್ಕಾಗಿದೆ.

ನನಗೆ ಒಂಬತ್ತು ವರ್ಷವಾಗಿದ್ದಾಗ ಹೋಟೆಲಿನ ಹಳೆಯ ಕ್ಯಾಶ್ ಮೇಜಿಗೆ ಗೆದ್ದಲು ಹಿಡಿಯಿತು. ಅದನ್ನು ಹೊರಗೆ ಹಾಕಲೆಂದು ಡ್ರಾಯರ್ ಎಳೆದು ತೆಗೆದಾಗ ಹಿಂದಿನ ಸಂದಿಯಿಂದ ಜಲಜಲನೆ ನಾಣ್ಯಗಳು ಉದುರಿದವು. ಅಜ್ಜ ಕ್ಯಾಶಿನಲ್ಲಿ ಕೂರುತ್ತಿದ್ದ ಕಾಲದಿಂದ ಒಂದೊಂದಾಗಿ ಹಿಂದಕ್ಕೆ ಜಾರಿ, ಯಾರಿಗೂ ಬೇಡವಾಗಿ, ಕತ್ತಲೆಯಲ್ಲಿ ಕೂತಿದ್ದ ಅರುವತ್ತಕ್ಕೂ ಹೆಚ್ಚು ಸಣ್ಣ ಪೈಸೆಗಳು. "ಇದಕ್ಕೆ ಈಗ ಒಂದು ಪೆಪ್ಪರ್‌ಮಿಂಟೂ ಸಿಗ್ಲಿಕ್ಕಿಲ್ಲ. ನಿನ್ನ ಆಟಕ್ಕಾಯ್ತು, ಇಟ್ಟುಕೊ" ಎಂದು ಅಪ್ಪ ನನ್ನ ಲಂಗದ ಮಡಿಲಿಗೆ ಸುರಿದರು. ಅಷ್ಟೊಂದು ನಾಣ್ಯ ಬಿದ್ದರೂ ಮಡಿಲು ಜಗ್ಗಲಿಲ್ಲ, ಒಣ ಎಲೆ ಬಿದ್ದ ಹಾಗೆ ಆಯಿತು. ಎಲ್ಲವೂ ಸಿಲ್ವರ್ ಅಲ್ಲವೇ!

ಈಗಿನ ನಾಣ್ಯಗಳಿಗೆ ಗುಂಡಗಿರುವುದು ಬಿಟ್ಟು ಬೇರೆ ಆಸೆಯೇ ಇಲ್ಲ. ಅವುಗಳ ಆಕಾರ ನೋಡಬೇಕಿತ್ತು ನೀವು. ಐದು ಪೈಸೆ ಮೂಲೆ ಸವೆದ ಚೌಕ. ಇಪ್ಪತ್ತು ಪೈಸೆಗೆ ಆರು ಮೂಲೆ. ಎರಡು ಪೈಸೆ, ಹತ್ತು ಪೈಸೆ ಎಸಳೆಸಳಾಗಿ ಹೂವಿನ ಹಾಗೆ. ಒಂದು ಪೈಸೆಯಂತೂ ನನ್ನ ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದು ಅಷ್ಟೆ, ಅದನ್ನು ಬಕೆಟಿನ ನೀರಿನ ಮೇಲೆ ಮೆಲ್ಲ ಅಂಗಾತ ಇಟ್ಟರೆ ತೇಲುತ್ತದೆ. ಸುಳ್ಳಲ್ಲ, ಸಿಕ್ಕಿದರೆ ಮಾಡಿ ನೋಡಿ. ಕೈ ನಡುಗಬಾರದು, ಉಸಿರು ಬಿಡಬಾರದು. ಹೋಟೆಲಿನ ಹಿಂದೆ ಪಾತ್ರೆ ತೊಳೆಯುವ ಜಾಗದಲ್ಲಿ ನಾನು ಗಂಟೆಗಟ್ಟಲೆ ಪೈಸೆ ತೇಲಿಸುತ್ತಾ ಕೂರುತ್ತಿದ್ದೆ. ಅಮ್ಮ ಬಂದು ಒಂದು ಚೊಂಬು ನೀರು ಎತ್ತಿದರೆ ನನ್ನ ಹಡಗುಗಳೆಲ್ಲ ಒಮ್ಮೆಲೇ ಮುಳುಗುತ್ತಿದ್ದವು.

ಶೆಟ್ರ ಮಗಳಿಗೆ ಹಳೆ ಪೈಸೆಯ ಹುಚ್ಚು ಎಂದು ಗಿರಾಕಿಗಳಿಗೆ ಗೊತ್ತಾಯಿತು. ಯಾರೋ ಕಪಾಟು ಗುಡಿಸುವಾಗ ಸಿಕ್ಕಿತೆಂದು ಎರಡು ತಂದರು, ಯಾರೋ ತೀರಿಹೋದ ಅತ್ತೆಯ ಸಂಚಿಯಿಂದ ಏಳು ತಂದರು. ವಿಠಲಣ್ಣ ಎಂದು ನಮ್ಮ ಖಾಯಂ ಗಿರಾಕಿ, ಮೊದಲು ಲಾರಿ ಓಡಿಸುತ್ತಿದ್ದವರು, ಈಗ ಮೂಲೆಯ ಬೆಂಚನ್ನು ಓಡಿಸುತ್ತಿದ್ದಾರೆ, ಅವರು ಹಳೆಯ ಲಾರಿ ಸೀಟಿನ ಅಡಿಯಿಂದ ಒಂದು ಮೂರು ಪೈಸೆ ಹುಡುಕಿ ತಂದು ಕೊಟ್ಟ ದಿನ ನಾನು ಊಟ ಮಾಡಲಿಲ್ಲ. ಮೂರು ಪೈಸೆ ಎಂದು ಒಂದು ನಾಣ್ಯ ಇತ್ತೆಂದೇ ನನಗೆ ಗೊತ್ತಿರಲಿಲ್ಲ. ಹೀಗೆ ಗಲ್ಫಿನಿಂದ ಮಾವ ತಂದ ಹಾಲಿನ ಪುಡಿಯ ದೊಡ್ಡ ಡಬ್ಬಿ ತುಂಬುತ್ತಾ ಬಂತು.

ಆಮೇಲೆ ಮೊಬೈಲ್ ಬಂತು, ಅದರಲ್ಲಿ ವಿಡಿಯೋ ಬಂತು, ನಾನು ಪಂಡಿತೆಯಾದೆ. ಇಸವಿಯ ಕೆಳಗೆ ಸಣ್ಣ ನಕ್ಷತ್ರ ಇದ್ದರೆ ಹೈದರಾಬಾದಿನಲ್ಲಿ ಅಚ್ಚಾದದ್ದು, ವಜ್ರದ ಗುರುತು ಇದ್ದರೆ ಮುಂಬಯಿ, ಏನೂ ಇಲ್ಲದಿದ್ದರೆ ಕೊಲ್ಕತ್ತ. ಚಾ ಕುಡಿಯಲು ಬಂದವರನ್ನು ಹಿಡಿದು ಕೂರಿಸಿ ಇದನ್ನೆಲ್ಲ ಹೇಳುತ್ತಿದ್ದೆ. ಚಾ ಆರುತ್ತಿತ್ತು, ನಾನು ಆರುತ್ತಿರಲಿಲ್ಲ. ಕೊನೆಗೆ ಒಂದು ಮಾತು ಖಂಡಿತ ಸೇರಿಸುತ್ತಿದ್ದೆ: "ಈ ಡಬ್ಬಿಗೆ ಮುಂದೆ ಒಳ್ಳೆ ಬೆಲೆ ಬರ್ತದೆ, ನೋಡ್ತಾ ಇರಿ." ಅಪ್ಪ ಕ್ಯಾಶಿನಿಂದಲೇ, "ಬಂದಾಗ ನನಗೊಂದು ಕಾರು ತೆಗೆದುಕೊಡು, ಕಪ್ಪು ಬಣ್ಣದ್ದು ಬೇಡ ಆಯ್ತಾ, ಬೇಗ ಕೊಳಕಾಗ್ತದೆ" ಎನ್ನುತ್ತಿದ್ದರು.

ಇಷ್ಟೆಲ್ಲ ಬಡಾಯಿಯನ್ನು ಉಳಿಸಿಕೊಳ್ಳುವ ದಿನ ಬಂದದ್ದು ಒಂದು ಮಂಗಳವಾರ. ಹೋಟೆಲಿನ ದೊಡ್ಡ ಗ್ರೈಂಡರ್ ಅಕ್ಕಿ ರುಬ್ಬುತ್ತಾ ಇದ್ದದ್ದು ಒಮ್ಮೆ ಕೆಮ್ಮಿ, ಸುಟ್ಟ ವಾಸನೆ ಬಿಟ್ಟು, ನಿಂತಿತು. ಮೆಕ್ಯಾನಿಕ್ ಬಂದು ಮೋಟಾರ್ ಮೂಸಿ ನೋಡಿ, "ಕಾಯಿಲ್ ಸುಟ್ಟಿದೆ. ರಿವೈಂಡಿಂಗ್ ಮಾಡ್ಬೇಕು. ಹಳೆ ಮೋಟಾರ್, ಎಷ್ಟು ಸಮಯ ಬರ್ತದೆ ಅಂತ ನಾನು ಹೇಳುದಿಲ್ಲ. ಹೊಸದೇ ಒಳ್ಳೆದು" ಎಂದ. ಅಪ್ಪ ಕ್ಯಾಶಿಗೆ ಹೋಗಿ ಡ್ರಾಯರಿನ ನೋಟುಗಳನ್ನು ಎರಡು ಸಲ ಎಣಿಸಿದರು. ಅವರು ಎರಡು ಸಲ ಎಣಿಸಿದರೆ ನನಗೆ ಹೆದರಿಕೆ.

ವಿಷಯ ಏನೆಂದರೆ, ಎರಡು ತಿಂಗಳಿನಿಂದ ಪ್ಯಾಕೆಟ್ ಹಿಟ್ಟಿನವನೊಬ್ಬ ನಮ್ಮ ಬೆನ್ನು ಹಿಡಿದಿದ್ದ. ದಿನಾ ಬೆಳಿಗ್ಗೆ ಐದಕ್ಕೆ ಹಿಟ್ಟು ಬಾಗಿಲಿಗೆ ಬರುತ್ತದಂತೆ, ರುಬ್ಬುವ ಕೆಲಸವೇ ಇಲ್ಲವಂತೆ. ಅಪ್ಪ ಬೇಡ ಎಂದು ಕಳಿಸುತ್ತಿದ್ದರು. ಆ ದಿನ ಮಾತ್ರ, "ಭಾನುವಾರ ಬಾ, ಹೇಳ್ತೇನೆ" ಎಂದು ಫೋನಿನಲ್ಲಿ ಹೇಳಿದ್ದು ನನ್ನ ಕಿವಿಗೆ ಬಿತ್ತು. ಅಜ್ಜನ ಕಾಲದಿಂದ ನಮ್ಮ ಹೋಟೆಲಿನಲ್ಲಿ ಹೆಸರು ಹೇಳುವಂಥದ್ದು ಏನಾದರೂ ಇದ್ದರೆ ಅದು ಅಮ್ಮ ರುಬ್ಬಿಸಿದ ಹಿಟ್ಟು ಒಂದೇ. ಚಾ ಸುಮಾರು, ಬೆಂಚು ಅದಕ್ಕಿಂತ ಸುಮಾರು. ವಿಠಲಣ್ಣ ಸುದ್ದಿ ಕೇಳಿ, "ನೀರುದೋಸೆಗೆ ಪ್ಯಾಕೆಟ್ ಹಿಟ್ಟಾ ಶೆಟ್ರೇ? ಹೊಳೆ ಬದಿಯಲ್ಲಿ ಕೂತು ಟ್ಯಾಂಕರ್ ನೀರು ತರಿಸಿದ ಹಾಗಾಯ್ತು" ಎಂದರು.

ಅಮ್ಮ ಮನೆಯ ಮಿಕ್ಸಿಯಲ್ಲಿ ನಾಲ್ಕು ನಾಲ್ಕು ಸಲ ರುಬ್ಬಿ ಹೇಗೋ ಸುಧಾರಿಸುತ್ತಿದ್ದರು. ಮಿಕ್ಸಿ ಕೂಡ ಸುಟ್ಟ ವಾಸನೆಗೆ ಶುರುಮಾಡಿತ್ತು. ನಾನು ಎದ್ದು ನಿಂತು, ಎಂಟನೇ ಕ್ಲಾಸಿನಲ್ಲಿ ನಿಂತ ಅದೇ ಧೈರ್ಯದಲ್ಲಿ, "ಪ್ಯಾಕೆಟಿನವನಿಗೆ ಹೌದು ಅನ್ಬೇಡಿ ಅಪ್ಪ. ಭಾನುವಾರದೊಳಗೆ ನಾನು ಡಬ್ಬಿ ಮಾರ್ತೇನೆ" ಎಂದೆ.

ಹೇಳಿದ ಮೇಲೆ ಯೋಚನೆ ಶುರುವಾಯಿತು. ಮಾರುವುದೆಂದರೆ ಎಲ್ಲಿ, ಯಾರಿಗೆ, ಹೇಗೆ?

ಹದಿನೇಳು ವರ್ಷದವಳಿದ್ದಾಗ ಪೇಟೆಯ ಒಂದು ಸಭಾಂಗಣದಲ್ಲಿ ನಾಣ್ಯಗಳ ಪ್ರದರ್ಶನಕ್ಕೆ ಹೋಗಿದ್ದೆ. ಕನ್ನಡಕದ ಮೇಲೆ ಇನ್ನೊಂದು ಭೂತಗನ್ನಡಿ ಹಿಡಿದ ಹಿರಿಯರು, ಚಿಮಟಿಗೆಯಲ್ಲಿ ಎತ್ತುವ ನಾಣ್ಯಗಳು, ಆಸ್ಪತ್ರೆಯ ಹಾಗೆ ಶಾಂತ. ನಾನು ಕಿಸೆಯಿಂದ ನನ್ನ ಥಳಥಳ ಹೊಳೆಯುವ ಹತ್ತು ಪೈಸೆ ತೆಗೆದು ಒಬ್ಬರ ಮುಂದೆ ಇಟ್ಟೆ. ಅವರು ನೋಡಿದರು, ಮತ್ತೆ ನನ್ನ ಮುಖ ನೋಡಿದರು. "ಇದನ್ನು ತೊಳೆದಿದ್ದೀಯಾ?" ಎಂದು ಕೇಳಿದರು. ಬೆಕ್ಕಿನ ಮರಿಯನ್ನು ಕುದಿಯುವ ನೀರಿಗೆ ಹಾಕಿದೆಯಾ ಎಂದು ಕೇಳುವ ಧ್ವನಿಯಲ್ಲಿ. ಹೌದು, ತೊಳೆದಿದ್ದೆ. ಪ್ರತಿ ದೀಪಾವಳಿಗೆ ಅಮ್ಮ ಬಿಂಬುಳಿ ಕಾಯಿಯ ಹುಳಿ ಹಿಂಡಿ ಹಿತ್ತಾಳೆ ದೀಪ ತಿಕ್ಕುವಾಗ ನಾನೂ ಪಕ್ಕದಲ್ಲಿ ಕೂತು ಡಬ್ಬಿಯ ಪೈಸೆಗಳನ್ನೆಲ್ಲ ಅದೇ ಹುಳಿಯಲ್ಲಿ ತಿಕ್ಕಿ ಬಿಸಿಲಿಗೆ ಹರಡುತ್ತಿದ್ದೆ. ಬಿಂಬುಳಿ ಮರವನ್ನೂ ಅಮ್ಮನನ್ನೂ ಅಲ್ಲಿ ಬಿಟ್ಟುಕೊಡಲು ಮನಸ್ಸಾಗಲಿಲ್ಲ, "ಮೊದಲೇ ಹೀಗಿತ್ತು" ಎಂದು ಹೇಳಿ ಓಡಿ ಬಂದೆ. ತೊಳೆದು ತಿಕ್ಕಿದ ನಾಣ್ಯಕ್ಕೆ ಸಂಗ್ರಾಹಕರಲ್ಲಿ ಬೆಲೆಯೇ ಇಲ್ಲವಂತೆ, ಆದ್ದರಿಂದ ಅವರ ಬಾಗಿಲು ನನಗೆ ಮುಚ್ಚಿತ್ತು.

ಇನ್ನು ಮೊಬೈಲಿನಲ್ಲಿ "ಈ ಹತ್ತು ಪೈಸೆ ನಿಮ್ಮಲ್ಲಿದ್ದರೆ ನೀವು ಲಕ್ಷಾಧಿಪತಿ" ಎನ್ನುವವರು. ಅವರಿಗೆ ಫೋನ್ ಮಾಡಿದರೆ ಮೊದಲು ನಾವೇ ಅವರಿಗೆ ರಿಜಿಸ್ಟ್ರೇಶನ್ ಎಂದು ಹಣ ಕಳಿಸಬೇಕು. ಅಷ್ಟು ಬುದ್ಧಿ ನನಗಿದೆ. ರಥಬೀದಿಯ ಕಡೆ ಒಂದು ಆಭರಣದಂಗಡಿಯ ಮೆಟ್ಟಿಲವರೆಗೆ ಹೋದೆ. ಒಳಗಿನ ಎ.ಸಿ. ಗಾಳಿ ಕಾಲಿಗೆ ತಾಗಿದ್ದೇ ಸರಿ, ಹಾಲಿನ ಪುಡಿ ಡಬ್ಬಿ ಹಿಡಿದುಕೊಂಡು ಹಿಂದೆ ತಿರುಗಿದೆ.

ಉಳಿದದ್ದು ನಮ್ಮ ಊರಿನ ಮಾರಾಟದ ವಾಟ್ಸಾಪ್ ಗುಂಪು. ಹಳೆ ಮಂಚ, ಸೆಕೆಂಡ್ ಹ್ಯಾಂಡ್ ಫ್ರಿಜ್, ಬಿಟ್ಟಿ ಕೊಡುವ ನಾಯಿಮರಿ, ಎಲ್ಲ ಅಲ್ಲಿ ಸಿಗುತ್ತದೆ. ಬಿಸಿಲಿಗೆ ಡಬ್ಬಿ ಹಿಡಿದು ಒಂದು ಫೋಟೋ ತೆಗೆದೆ. ಬಿಂಬುಳಿಯ ಹೊಳಪಿಗೆ ಫೋಟೋದಲ್ಲಿ ಪೈಸೆಯ ಆಕಾರವೇ ಕಾಣದೆ ಬರೀ ಬೆಳಕು ಕಂಡಿತು. ಅದು ನನಗೆ ಇನ್ನೂ ಚಂದ ಅನಿಸಿತು. ಕೆಳಗೆ ಹೀಗೆ ಬರೆದೆ: "ಹಳೆಯ ಸಿಲ್ವರ್ ನಾಣ್ಯ 340 ಉಂಟು. ಒಟ್ಟಿಗೆ ಕೊಡುವುದು. ಸರಿಯಾದ ಬೆಲೆ ಕೊಡುವವರು ಮಾತ್ರ ಕಾಲ್ ಮಾಡಿ."

ಮೂರು ನಿಮಿಷದಲ್ಲಿ ಫೋನ್ ಬಂತು.

"ನಾನು ಕುಲಶೇಖರದಿಂದ ಮೋನಪ್ಪ ಆಚಾರಿ ಮಾತಾಡುದು. ಸಿಲ್ವರ್ ಉಂಟು ಅಂತ ಹಾಕಿದ್ದು ನೀವಾ?"

"ಹೌದು."

"ಹಳೆಯದ್ದೇ ಅಲ್ವಾ? ಈಗಿನದ್ದಲ್ಲ ಅಲ್ವಾ?"

"ಹಳೆಯದ್ದೇ. ಈಗ ಇದು ಬರುದೇ ಇಲ್ಲ."

"ಮುನ್ನೂರ ನಲವತ್ತೂ ಒಂದೇ ಕಡೆ ಉಂಟಾ? ಬೇರೆ ಯಾರಿಗೂ ಮಾತು ಕೊಡ್ಬೇಡಿ ಮಾರಾಯ್ರೆ. ಶನಿವಾರ ಬರ್ತೇನೆ. ತೂಕ ಮಾಡಿ ಅಲ್ಲೇ ಕೈಗೆ ಕೊಡ್ತೇನೆ."

"ತೂಕ ಮಾಡಿ ಎಂತ ಮಾಡ್ತೀರಿ? ಕರಗಿಸ್ತೀರಾ?"

"ಮತ್ತೆ? ಕರಗಿಸದೆ ತೊಡೆಯ ಮೇಲೆ ಕೂರಿಸಿ ಮುದ್ದು ಮಾಡ್ಲಿಕ್ಕುಂಟಾ?"

ನಾನು ಡಬ್ಬಿಯನ್ನು ಮಡಿಲಿಗೆ ಎಳೆದುಕೊಂಡೆ. ಆದರೂ ಕೇಳಿದೆ, "ಒಂದು ಗ್ರೈಂಡರಿನಷ್ಟು ಹಣ ಬರಬಹುದಾ?" ಆ ಕಡೆಯಿಂದ ನಗು ಕೇಳಿಸಿತು. "ಗ್ರೈಂಡರಾ? ಅಷ್ಟು ಉಂಟಾದ್ರೆ ಸ್ಕೂಟರೇ ಬರ್ತದೆ ಮಗಾ, ಅದರ ಹಿಂದೆ ಗ್ರೈಂಡರ್ ಕಟ್ಟಿಕೊಂಡು ಬಾ!"

ಆಗಲೇ ನನಗೆ ಸಂಶಯ ಬರಬೇಕಿತ್ತು. ಬಂದಿತ್ತು ಕೂಡ. ಬಾಗಿಲು ತಟ್ಟಿತು, ನಾನು ಚಿಲಕ ತೆಗೆಯಲಿಲ್ಲ. ಆಚಾರಿ ಎಂದರೆ ಬಡಗಿಯೂ ಇರಬಹುದು, ಕಮ್ಮಾರನೂ ಇರಬಹುದು, ಚಿನ್ನದ ಕೆಲಸದವರೂ ಇರಬಹುದು. ಇವರು ಪಾತ್ರೆ ಎರಕ ಹೊಯ್ಯುವವರೇ ಇರಬೇಕು, ಸಿಲ್ವರಿಗೆ ಈಗ ರೇಟು ಏರಿರಬೇಕು ಎಂದು ನಾನು ತೀರ್ಮಾನಿಸಿದೆ. ಯಾಕೆಂದರೆ ನನಗೆ ಬೇಕಾಗಿದ್ದ ಉತ್ತರ ಅದು. ಕಲಿಸುವವರು ಇಲ್ಲದೆ ತಾನೇ ಕಲಿತವರಿಗೆ ಇದೊಂದು ಅನುಕೂಲ, ಬೇಕಾದ ಉತ್ತರ ಸಿಕ್ಕಿದ ಕೂಡಲೇ ಪಾಠ ಮುಗಿಸಬಹುದು.

ಶುಕ್ರವಾರ ಮಧ್ಯಾಹ್ನ ಅರ್ಧ ದಿನ ರಜೆ ಹಾಕಿದೆ. ಹೋಟೆಲು ಖಾಲಿ ಇರುವ ಮೂರು ಗಂಟೆಯ ಹೊತ್ತಿಗೆ ಡಬ್ಬಿಯನ್ನು ಮೇಜಿನ ಮೇಲೆ ಸುರಿದುಕೊಂಡು ಕೂತೆ. ಇವೆಲ್ಲ ಕರಗಿ ಒಂದು ದೊಡ್ಡ ತಪಲೆಯಾಗುತ್ತವೆ, ಯಾರೋ ಅದರಲ್ಲಿ ಗಂಜಿ ಬೇಯಿಸುತ್ತಾರೆ ಎಂದು ಊಹಿಸಿದೆ. ಅಜ್ಜನ ಡ್ರಾಯರಿನಿಂದ ಬಂದವು, ಅತ್ತೆಯ ಸಂಚಿಯಿಂದ ಬಂದವು, ಲಾರಿ ಸೀಟಿನ ಅಡಿಯ ಮೂರು ಪೈಸೆ. ಯಾವುದು ಯಾರದ್ದೆಂದು ಮುಟ್ಟಿದರೆ ಗೊತ್ತಾಗುತ್ತಿತ್ತು. ಅಳು ಬಂತು ಎಂದು ಬರೆಯಲು ನಾಚಿಕೆ. ಅಮ್ಮ ಒಳಗಿನಿಂದ, "ಶೀತವಾ? ಕಷಾಯ ಮಾಡ್ಬೇಕಾ?" ಎಂದು ಕೇಳಿದರು. ಆಮೇಲೆ ಮಿಕ್ಸಿ ಮತ್ತೆ ಕರಕರ ಎಂದು ತಿರುಗಿತು, ನಿಂತಿತು, ಅಮ್ಮ ಅದರ ತಲೆಗೆ ಒಂದು ಪೆಟ್ಟು ಕೊಟ್ಟರು, ಮತ್ತೆ ತಿರುಗಿತು. ಆ ಶಬ್ದ ಕೇಳಿ ಪೈಸೆಗಳನ್ನೆಲ್ಲ ಡಬ್ಬಿಗೆ ತುಂಬಿ ಮುಚ್ಚಳ ಒತ್ತಿದೆ. ತಪಲೆ ಆದರೆ ಆಗಲಿ, ಅಮ್ಮನ ಹಿಟ್ಟು ಉಳಿಯಲಿ.

ಶನಿವಾರ ಬೆಳಗ್ಗಿನ ಗದ್ದಲ ಇಳಿದ ಮೇಲೆ ಮೋನಪ್ಪ ಆಚಾರ್ರು ಬಂದರು. ಎರಡು ಬಸ್ಸು ಹತ್ತಿ ಇಳಿದ ಬೆವರು, ಅರುವತ್ತರ ಹತ್ತಿರದ ವಯಸ್ಸು, ದಪ್ಪ ಗಾಜಿನ ಕನ್ನಡಕ, ಹೆಗಲಲ್ಲಿ ಒಂದು ಚೀಲ. ಅಪ್ಪ ಮೊದಲು ಕೂರಿಸಿ ನೀರುದೋಸೆ ಹಾಕಿಸಿದರು. ಅವರು ತಿಂದು, "ಹಿಟ್ಟು ಚೂರು ತರಿ ಆಗಿದೆ ಶೆಟ್ರೇ, ಆದ್ರೂ ಒಳ್ಳೆದಾಗಿದೆ" ಎಂದರು. ಮಿಕ್ಸಿಯ ಗುಟ್ಟು ಅವರ ನಾಲಿಗೆಗೆ ಸಿಕ್ಕಿಬಿಟ್ಟಿತ್ತು. ಕೈ ತೊಳೆದು ಬಂದು ಚೀಲದಿಂದ ಪುಟ್ಟ ತಕ್ಕಡಿ ತೆಗೆದು ಮೇಜಿನ ಮೇಲೆ ಇಟ್ಟರು, ಒರೆಹಚ್ಚುವ ಒಂದು ಕರಿಕಲ್ಲು ಇಟ್ಟರು, ಸಣ್ಣ ಬಾಟಲಿಯಲ್ಲಿ ಎಂಥದೋ ಆ್ಯಸಿಡ್ ಇಟ್ಟರು. ಮೂಲೆಯ ಬೆಂಚಿನಿಂದ ವಿಠಲಣ್ಣ ಎದ್ದು ಹತ್ತಿರ ಬಂದರು.

ನಾನು ಡಬ್ಬಿ ತಂದು ಪಕ್ಕದ ಬೆಂಚಿನ ಮೇಲೆ ಇಟ್ಟೆ. "ಬಿಡು ಮಗಾ, ನಿನ್ನ ಸೊಂಟ ಹೋಗ್ತದೆ" ಎನ್ನುತ್ತಾ ಆಚಾರ್ರು ಕಾಲು ಅಗಲ ಮಾಡಿ ನಿಂತರು, ಎರಡೂ ಕೈ ಹಾಕಿದರು, ಉಸಿರು ಬಿಗಿಹಿಡಿದು ಎತ್ತಿದರು.

ಡಬ್ಬಿ ಅವರ ಮೂಗಿನವರೆಗೆ ಹಾರಿತು. ಅವರು ಎರಡು ಹೆಜ್ಜೆ ಹಿಂದಕ್ಕೆ ಹೋಗಿ ವಿಠಲಣ್ಣನ ಎದೆಗೆ ಒರಗಿ ನಿಂತರು.

"ಇದೆಂಥದು ಮಗಾ?"

"ಸಿಲ್ವರ್."

"ಇದು?"

"ಹೌದು, ಸಿಲ್ವರ್. ಹತ್ತು ಪೈಸೆ, ಐದು ಪೈಸೆ, ಎಲ್ಲ ಉಂಟು."

ಅವರು ಮುಚ್ಚಳ ತೆಗೆದು ಒಂದು ನಾಣ್ಯವನ್ನು ಎತ್ತಿ ಕಲ್ಲಿನ ಮೇಜಿನ ಮೇಲೆ ಬೀಳಿಸಿದರು. ಟಪ್ ಎಂದಿತು, ಅಷ್ಟೆ. ಕನ್ನಡಕ ಮೇಲೆ ಮಾಡಿ ನೋಡಿದರು, ಕೆಳಗೆ ಮಾಡಿ ನೋಡಿದರು. ನನ್ನ ಮುಖ ನೋಡಿದರು. ಅಷ್ಟರಲ್ಲಿ ಅಮ್ಮ ತೊಳೆದ ಪಾತ್ರೆಯೊಂದನ್ನು ಹಿಡಿದುಕೊಂಡು ಅಡುಗೆ ಕೋಣೆಯ ಬಾಗಿಲಿಗೆ ಬಂದರು. ಆಚಾರ್ರ ಕಣ್ಣು ಅದರ ಮೇಲೆ ನಿಂತಿತು.

"ಅಕ್ಕ, ನಿಮ್ಮ ಕೈಯಲ್ಲಿ ಇರುದು ಎಂಥದು?"

"ಇದಾ? ಸಿಲ್ವರ್ ತಪಲೆ" ಎಂದರು ಅಮ್ಮ, ಪಾಪ.

ನನ್ನ ತಲೆಯೊಳಗೆ ಎಂಟನೇ ಕ್ಲಾಸು ಇಡೀ ನಗತೊಡಗಿತು. ಆಮೇಲೆ ಆಚಾರ್ರು ಬೆಂಚಿನ ಮೇಲೆ ಕುಸಿದು ಕೂತು, ಎರಡೂ ಕೈಯಲ್ಲಿ ತಲೆ ಹಿಡಿದು, ಹೆಗಲು ಕುಣಿಸತೊಡಗಿದರು. ಅಳುತ್ತಿದ್ದಾರೆಂದು ನಾನು ಹೆದರಿದೆ. ಅವರು ನಗುತ್ತಿದ್ದರು.

"ನನ್ನ ಹೆಂಡತಿ ಇವತ್ತು ಬೆಳಿಗ್ಗೆ ಸಿಲ್ವರ್ ಪಾತ್ರೆಯಲ್ಲೇ ಚಾ ಮಾಡಿ ಕೊಟ್ಟದ್ದು ಶೆಟ್ರೇ! ಅದನ್ನು ಕುಡಿದು ಬಸ್ಸು ಹತ್ತಿದವ ನಾನು! ನಲವತ್ತು ವರ್ಷ ಬೆಳ್ಳಿ ಕೆಲಸ ಮಾಡಿದವ! ಈಗ ಅಂಗಡಿಯವರೆಲ್ಲ ಬೆಳ್ಳಿಗೆ ಸಿಲ್ವರ್ ಕಾಯಿನ್, ಸಿಲ್ವರ್ ಕಾಯಿನ್ ಅಂತ ಬೋರ್ಡು ಹಾಕ್ತಾರಲ್ಲ, ನಾನೂ ಸ್ಟೈಲಿಗೆ ಹಾಗೇ ಓದಿಬಿಟ್ಟೆ."

"ತಪ್ಪಾಯ್ತು" ಎಂದೆ. ಅಪ್ಪನ ಕಡೆ ನೋಡಲು ಆಗಲಿಲ್ಲ. ಅವರು ನಗುತ್ತಿರಲಿಲ್ಲ. ನಾಳೆ ಭಾನುವಾರ, ಪ್ಯಾಕೆಟಿನವ ಬರುತ್ತಾನೆ, ಅವನಿಗೆ ಹೌದು ಎನ್ನುವುದು ಬಿಟ್ಟು ಬೇರೇನೂ ಉಳಿದಿರಲಿಲ್ಲ. ಅಪ್ಪನ ನಾಚಿಕೆಯನ್ನು ತಪ್ಪಿಸಲು ಹೋಗಿ ನನ್ನದನ್ನೂ ಅದರ ಮೇಲೆ ಹೇರಿದ್ದೆ.

ವಿಠಲಣ್ಣ ಡಬ್ಬಿಗೆ ಕೈ ಹಾಕಿದರು. "ಇದು ಹತ್ತು ಪೈಸೆ ಅಲ್ವಾ? ಇದನ್ನು ಕೊಟ್ಟು ಐಸ್‌ಕ್ಯಾಂಡಿ ತಿಂದು, ಕೆಂಪು ನಾಲಿಗೆ ಮುಚ್ಚಿಕೊಳ್ಳಲಿಕ್ಕೆ ಬಾಯಿ ಬಿಡದೆ ಕ್ಲಾಸಿನಲ್ಲಿ ಕೂತಿದ್ದೆ. ಮಾಷ್ಟ್ರು ಹಾಜರಿ ಕರೆದಾಗ ಯೆಸ್ ಸಾರ್ ಹೇಳ್ಲಿಕ್ಕಾಗದೆ ಆಬ್ಸೆಂಟ್ ಹಾಕಿಸಿಕೊಂಡವ ನಾನು. ಎದುರಲ್ಲೇ ಕೂತು ಆಬ್ಸೆಂಟ್!"

ಆಚಾರ್ರು ನಗು ನಿಲ್ಲಿಸಿ ಆ ನಾಣ್ಯವನ್ನು ಅವರ ಕೈಯಿಂದ ತೆಗೆದುಕೊಂಡರು. ಎಸಳಿನಂಥ ಅಂಚಿನ ಮೇಲೆ ಹೆಬ್ಬೆರಳು ಓಡಿಸಿದರು. "ನಮ್ಮ ಅಪ್ಪ ನನಗೆ ಬೆಳ್ಳಿ ಮುಟ್ಟಲಿಕ್ಕೆ ಬಿಡ್ತಿರಲಿಲ್ಲ, ಹಾಳು ಮಾಡ್ತೇನೆ ಅಂತ. ಕಲೀಲಿಕ್ಕೆ ಇದನ್ನೇ ಕೊಡುದು. ನಡುವಿನಲ್ಲಿ ಒಟ್ಟೆ ಮಾಡಿ, ಅರ ಹಾಕಿ ತಿಕ್ಕಿ ತಿಕ್ಕಿ, ನಾನು ಜೀವನದಲ್ಲಿ ಮಾಡಿದ ಮೊದಲನೇ ಉಂಗುರ ಈ ಹತ್ತು ಪೈಸೆಯಲ್ಲಿ. ತಂಗಿಗೆ ಕೊಟ್ಟೆ. ಅವಳು ಅದನ್ನು ಹಾಕಿಕೊಂಡು ಊರೆಲ್ಲ ಬೆಳ್ಳಿ ಉಂಗುರ ಅಂತ ತೋರಿಸಿಕೊಂಡು ಬಂದಳು." ನಾಣ್ಯವನ್ನು ಮುಷ್ಟಿಯಲ್ಲಿ ಹಿಡಿದು, "ಇದೊಂದು ನನಗೆ ಬೇಕು. ಎಷ್ಟು?" ಎಂದರು.

"ಹಾಗೇ ಇಟ್ಟುಕೊಳ್ಳಿ. ಅಷ್ಟು ದೂರದಿಂದ ಬಂದಿದ್ದೀರಿ."

ಅವರಿಗೆ ನಿಜವಾಗಿ ಸಿಟ್ಟು ಬಂತು. "ಮಾರ್ಲಿಕ್ಕೆ ಅಂತ ಕರೆದು ಬಿಟ್ಟಿ ಕೊಡುದಾ? ವ್ಯಾಪಾರ ಅಂದ್ರೆ ಎಂತ ಅಂತ ಮಾಡಿದ್ದೀ? ಬೆಲೆ ಹೇಳು."

"ಹತ್ತು ರೂಪಾಯಿ" ಎಂದು ಬಾಯಿಗೆ ಬಂದದ್ದು ಹೇಳಿದೆ. ಅವರು ಹತ್ತರ ನೋಟು ತೆಗೆದು ತಕ್ಕಡಿಯ ಪಕ್ಕ ಇಟ್ಟರು. ವಿಠಲಣ್ಣ ಕೂಡಲೇ, "ನನಗೊಂದು ಆಬ್ಸೆಂಟ್ ಕೊಡು" ಎಂದು ಇನ್ನೊಂದು ನೋಟು ಇಟ್ಟರು. ಆಚಾರ್ರು ತಕ್ಕಡಿ ಚೀಲಕ್ಕೆ ಹಾಕುತ್ತಾ ನನಗೆ ಬುದ್ಧಿ ಹೇಳಿದರು: "ಇದನ್ನು ಒಟ್ಟಿಗೆ ಕೊಡುದು ಅಂತ ಬರೆದದ್ದೇ ನಿನ್ನ ದೊಡ್ಡ ತಪ್ಪು, ಸಿಲ್ವರ್ ಅಲ್ಲ. ಒಟ್ಟಿಗೆ ಕೊಂಡುಹೋಗುವವನಿಗೆ ಇದು ಅರ್ಧ ಕಿಲೋ ಗುಜರಿ. ಬಿಡಿಬಿಡಿಯಾಗಿ ಕೊಂಡುಹೋಗುವವರು ಇಲ್ಲೇ ಚಾ ಕುಡೀತಾ ಕೂತಿದ್ದಾರೆ. ಪೇಟೆಗೆಲ್ಲ ಯಾಕೆ ತಿರುಗಿದ್ದು ನೀನು?"

ಹೌದು, ಯಾಕೆ ತಿರುಗಿದೆ? ಹೋಟೆಲಿನ ಮಗಳಿಗೆ ಹೋಟೆಲಿನಲ್ಲಿ ಮಾರಬಹುದು ಎಂದು ಹೊಳೆಯಲು ಕುಲಶೇಖರದಿಂದ ಎರಡು ಬಸ್ಸು ಹತ್ತಿ ಒಬ್ಬರು ಬರಬೇಕಾಯಿತು.

ಕಡಲೆ ಮಿಠಾಯಿಯ ಭರಣಿಯೊಂದನ್ನು ತೊಳೆದು ಒರೆಸಿ ಪೈಸೆ ತುಂಬಿಸಿದೆ, ಕ್ಯಾಶಿನ ಪಕ್ಕದಲ್ಲಿ ಇಟ್ಟೆ. ಈ ಸಲ ಚೀಟಿ ಬರೆಯುವಾಗ ಲೋಹದ ಹೆಸರನ್ನೇ ಎತ್ತಲಿಲ್ಲ. "ಹಳೆ ಪೈಸೆ. ಯಾವುದಾದರೂ ಒಂದಕ್ಕೆ ಹತ್ತು ರೂಪಾಯಿ" ಎಂದಷ್ಟೆ ಬರೆದೆ. ಬಿಲ್ಲು ಕೊಡಲು ಬಂದವರು ಭರಣಿ ನೋಡಿ ನಿಂತರು, ನಿಂತವರು ಕೈ ಹಾಕಿದರು, ಕೈ ಹಾಕಿದವರು ಮತ್ತೆ ಬೆಂಚಿಗೆ ಹೋಗಿ ಕೂತು ಕತೆ ಶುರುಮಾಡಿದರು. ಒಬ್ಬರಿಗೆ ಐದು ಪೈಸೆಯ ಬಣ್ಣದ ಗೋಲಿ, ಒಬ್ಬರಿಗೆ ಇಪ್ಪತ್ತು ಪೈಸೆ ಕಳೆದುಕೊಂಡು ತಿಂದ ಪೆಟ್ಟು. ಒಬ್ಬ ಹೆಂಗಸು ಎರಡು ಪೈಸೆಯನ್ನು ತೆಗೆದುಕೊಂಡು ಏನೂ ಹೇಳದೆ ಪರ್ಸಿನ ಒಳಗಿನ ಜಿಪ್ಪಿಗೆ ಹಾಕಿ ಹೋದರು. ಅವರ ಕತೆ ನನಗೆ ಈಗಲೂ ಬೇಕು. ಲಾರಿ ಸೀಟಿನ ಮೂರು ಪೈಸೆಯನ್ನು ನಾನು ಅಡಿಯಲ್ಲಿ ಬಚ್ಚಿಟ್ಟಿದ್ದೆ. ಭಾನುವಾರ ಬೆಳಿಗ್ಗೆ ಯಾರೋ ಅದನ್ನೂ ಹುಡುಕಿ ತೆಗೆದರು. ಒಮ್ಮೆ ಕೈ ಮುಂದೆ ಹೋಯಿತು, ಹಿಂದೆ ತೆಗೆದುಕೊಂಡೆ. ಮಾರುವುದೆಂದರೆ ಮಾರುವುದೇ.

ಹತ್ತು ಗಂಟೆಗೆ ಪ್ಯಾಕೆಟಿನವ ಬೈಕ್ ನಿಲ್ಲಿಸಿದ. ಭರಣಿ ಇನ್ನೂ ಅರ್ಧಕ್ಕಿಂತ ಮೇಲೇ ಇತ್ತು. ನಾನು ಕಣ್ಣು ಕೆಳಗೆ ಹಾಕಿ ಮೇಜು ಒರೆಸುತ್ತಿದ್ದೆ, ಒರೆಸಿದ್ದನ್ನೇ ಒರೆಸುತ್ತಿದ್ದೆ.

"ಎಂತ ಶೆಟ್ರೇ, ನಾಳೆಯಿಂದ ಶುರು ಮಾಡುವನಾ?"

"ಬೇಡ ಮಾರಾಯ" ಎಂದರು ಅಪ್ಪ. "ಮೋಟಾರ್ ನಿನ್ನೆಯೇ ರಿವೈಂಡಿಂಗಿಗೆ ಕೊಟ್ಟಿದ್ದೇನೆ. ಕೂತುಕೊ, ಚಾ ಕುಡಿ."

ನಿನ್ನೆ! ನಿನ್ನೆ ಎಂದರೆ ಭರಣಿಯಿಂದ ಹದಿನೈದು ನಾಣ್ಯ ಕೂಡ ಖರ್ಚಾಗಿರಲಿಲ್ಲ. ಅವನು ಹೋದ ಮೇಲೆ ಕೇಳಿದೆ, ಯಾವ ಧೈರ್ಯದ ಮೇಲೆ ಕೊಟ್ಟಿರಿ ಎಂದು. ಅಪ್ಪ ಚಿಲ್ಲರೆ ಜೋಡಿಸುತ್ತಾ, "ನಿನ್ನ ಪೈಸೆ ನೋಡ್ಲಿಕ್ಕೆ ಬಂದವರೆಲ್ಲ ಎರಡೆರಡು ಗಂಟೆ ಕೂತುಕೊಳ್ತಾರೆ. ಅವರಿಗೆ ತಿನ್ಲಿಕ್ಕೆ ಎಂತಾದ್ರೂ ಬೇಕಲ್ವಾ?" ಎಂದರು. ರಿವೈಂಡಿಂಗಿನ ಹಣದಲ್ಲಿ ಭರಣಿಯ ಪಾಲು ಅರ್ಧ, ದೋಸೆಯ ಪಾಲು ಅರ್ಧ ಎಂದು ಆಮೇಲೆ ಅಮ್ಮನಿಂದ ಗೊತ್ತಾಯಿತು.

ಗ್ರೈಂಡರ್ ಮತ್ತೆ ಬಂದು ಈಗ ಎರಡು ತಿಂಗಳಾಯಿತು. ಅದು ಎಷ್ಟು ಸಮಯ ಬರುತ್ತದೋ ಮೆಕ್ಯಾನಿಕ್ಕಿಗೂ ಗೊತ್ತಿಲ್ಲ. ಭರಣಿ ಮಾತ್ರ ಖಾಲಿಯಾಗುವ ಲಕ್ಷಣ ಇಲ್ಲ. ಅದಕ್ಕೆ ವಿಠಲಣ್ಣ ಕಾರಣ. ಎರಡು ವಾರದ ಹಿಂದೆ ಅವರು ಚಾ ಕುಡಿದೆದ್ದು, ಕಿಸೆಯಿಂದ ತಮ್ಮ ಹತ್ತು ಪೈಸೆ ತೆಗೆದು ಗಂಭೀರವಾಗಿ ಅಪ್ಪನ ಮುಂದೆ ಇಟ್ಟರು.

"ಶೆಟ್ರೇ, ಒಂದು ಚಾದ್ದು. ಈ ಪೈಸೆ ಹೋಗ್ತದಾ?"

ಅಪ್ಪ ಅದನ್ನು ಎತ್ತಿ ಈ ಬದಿ ನೋಡಿದರು, ಆ ಬದಿ ನೋಡಿದರು. "ಬ್ಯಾಂಕಿನಲ್ಲಿ ಹೋಗುದಿಲ್ಲ. ಇಲ್ಲಿ ಹೋಗ್ತದೆ" ಎಂದು ಡ್ರಾಯರಿಗೆ ಹಾಕಿಕೊಂಡರು.

ಅಷ್ಟೇ ಸಾಕಾಯಿತು. ಮರುದಿನ ಮೂವರು ತಂದರು. ಅಪ್ಪ ಎಲ್ಲರದ್ದನ್ನೂ ತಿರುಗಿಸಿ ನೋಡಿ ಚಾ ಕೊಟ್ಟರು, ಪೈಸೆಗಳನ್ನು ಭರಣಿಗೆ ವಾಪಸ್ ಹಾಕಿದರು. ನಾನು ಮತ್ತೆ ಮಾರುತ್ತೇನೆ, ಅವರು ಮತ್ತೆ ತರುತ್ತಾರೆ. ವಿಠಲಣ್ಣನ ಆ ಒಂದು ನಾಣ್ಯವನ್ನು ನಾನು ಈವರೆಗೆ ನಾಲ್ಕು ಸಲ ಮಾರಿದ್ದೇನೆ, ನಾಲ್ಕು ಸಲವೂ ವಿಠಲಣ್ಣನಿಗೇ. ಚಾಕ್ಕೆ ಹದಿನೈದು ರೂಪಾಯಿ, ಪೈಸೆಗೆ ಹತ್ತು. ಪ್ರತಿ ಸಲ ಹೋಟೆಲಿಗೆ ಐದು ರೂಪಾಯಿ ಲುಕ್ಸಾನು ಎಂದು ಅಮ್ಮ ಒಳಗಿನಿಂದ ಕೂಗಿ ಹೇಳುತ್ತಾರೆ. ಅಪ್ಪ ಕಿವಿಯ ಹಿಂದೆ ಕೈ ಇಟ್ಟು ಆ ಕಡೆ ವಾಲುತ್ತಾರೆ.

"ಎಂತ? ಗ್ರೈಂಡರಿನ ಶಬ್ದದಲ್ಲಿ ಎಂತದೂ ಕೇಳುದಿಲ್ಲ ಮಾರಾಯ್ತಿ."